ಗೊತ್ತಿಲ್ಲ ಅನ್ನೋದಕ್ಕೂ ಒಂದು ರಿಪೋರ್ಟ್

ಹೊಟ್ಟೆಯೊಳಗಿನ ಮಗುವಿಗೂ ಈಗ ಪ್ಯಾಕೇಜ್ ಬಂದಿದೆ. ಬೇಸಿಕ್, ಅಡ್ವಾನ್ಸ್ಡ್, ಪ್ರೀಮಿಯಂ. ನಾವು ಐಟಿಯವರು ಪ್ರೀಮಿಯಂ ಅಂದ ತಕ್ಷಣ ಕಾರ್ಡ್ ತೆಗೀತೀವಿ. ಡೇಟಾ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋದು ನಮ್ಮ ಮೂಢನಂಬಿಕೆ. ಗ್ರಹಣದ ದಿನ ಬಸುರಿ ಹೊರಗೆ ಬರಬಾರದು ಅಂತ ಅಜ್ಜಿ ಹೇಳಿದರೆ ನಗೋರೂ ನಾವೇ.

ಪರೀಕ್ಷೆಯೇ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಕೋಲಾರ, ಮುಳಬಾಗಿಲು ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡೋದು ಹಳೇ ರೂಢಿ. ಅಂಥ ಮದುವೆಗಳಲ್ಲಿ ಗಂಡಹೆಂಡತಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಇರುವ ಸಾಧ್ಯತೆ ಹೆಚ್ಚು. ಮೊದಲ ಮಗುವಿಗೆ ಥಲಸ್ಸೇಮಿಯಾ ಇದ್ದರೆ ಎರಡನೆಯದರಲ್ಲಿ ಅದನ್ನೇ ಹುಡುಕಬೇಕು. ಸ್ಕ್ಯಾನಿಂಗ್‌ನಲ್ಲಿ ದೋಷ ಕಂಡರೂ ಮುಂದಿನ ಪರೀಕ್ಷೆ ಬೇಕು. 4,000ಕ್ಕೂ ಹೆಚ್ಚು ಗರ್ಭಿಣಿಯರ ಮೈಕ್ರೋಅರೇ ಪರೀಕ್ಷೆಯ ಅಧ್ಯಯನವೊಂದು 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಸ್ಕ್ಯಾನ್‌ನಲ್ಲಿ ದೋಷ ಕಂಡು, ಮಾಮೂಲಿ ಕ್ರೋಮೋಸೋಮ್ ಪರೀಕ್ಷೆ ನಾರ್ಮಲ್ ಬಂದಿದ್ದವರಲ್ಲಿ ಶೇ. 6ರಷ್ಟು ಮಂದಿಗೆ ಮುಖ್ಯವಾದ ಕಾರಣ ಅದರಿಂದ ಸಿಕ್ಕಿತು. ಅದು ಲಾಭವೇ.

ನನ್ನ ಜಗಳ 'ವಿಯುಎಸ್' ಅನ್ನೋ ಮೂರಕ್ಷರದ ಜೊತೆ. ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್. ಬದಲಾವಣೆ ಏನೋ ಇದೆ, ತೊಂದರೆ ಕೊಡುತ್ತೋ ಇಲ್ಲವೋ ಗೊತ್ತಿಲ್ಲ ಅಂತ. ಗೊತ್ತಿಲ್ಲದಿರೋದು ಲ್ಯಾಬಿಗೆ. ಹೋಲಿಸಿ ನೋಡುವ ಡೇಟಾಬೇಸ್‌ಗಳಲ್ಲಿ ಯುರೋಪ್ ಮೂಲದವರೇ ತುಂಬಿದ್ದಾರೆ. ನಮ್ಮದೇ ಜೀನೋಮ್‌ಇಂಡಿಯಾ ಸುಮಾರು 10,000 ಜನರ ಮಾಹಿತಿಯನ್ನು ಸಂಶೋಧಕರಿಗೆ ತೆರೆದದ್ದು 2025ರ ಜನವರಿಯಲ್ಲಿ. ದೇಶದ ಜನಸಂಖ್ಯೆ 140 ಕೋಟಿ! ಶ್ರೀನಿವಾಸಪುರದ ಕುಟುಂಬವೊಂದರಲ್ಲಿ ಡೇಟಾಬೇಸ್ ಹಿಂದೆಂದೂ ಕಾಣದ್ದು ಸಿಕ್ಕರೆ ಅದು ಕಾಯಿಲೆಯೇ ಆಗಬೇಕಿಲ್ಲ, ನಮ್ಮವರ ಲೆಕ್ಕವನ್ನೇ ಯಾರೂ ಇಡದಿರೋದೂ ಆಗಿರಬಹುದು. ಕಂಪೈಲರ್ ಕೊಟ್ಟ ವಾರ್ನಿಂಗ್ ನೋಡಿ ಇಡೀ ಪ್ರಾಜೆಕ್ಟ್ ಡಿಲೀಟ್ ಮಾಡ್ತೀವಾ?

ನನ್ನ ಟೀಮಿನ ಹುಡುಗನೊಬ್ಬ ಮಾಲೂರಿನವನು. ಒಂದು ಶುಕ್ರವಾರ ಸಂಜೆ ಲ್ಯಾಬಿನಿಂದ ವಾಟ್ಸಾಪ್‌ಗೆ ಪಿಡಿಎಫ್ ಬಂತು. 15ನೇ ಕ್ರೋಮೋಸೋಮಿನಲ್ಲಿ ಒಂದು ಚೂರು ಇಲ್ಲ, ಮಹತ್ವ ಅನಿಶ್ಚಿತ. ವಿವರಿಸೋರು ಸೋಮವಾರದವರೆಗೆ ಇಲ್ಲ. ಎರಡು ರಾತ್ರಿ ಗಂಡಹೆಂಡತಿ ಗೂಗಲ್ ಮಾಡಿದ್ರು: ಮಾತು ತಡ, ಆಟಿಸಂ, ಫಿಟ್ಸ್. ಅತ್ತೆ ಆಗಲೇ 'ಹೋಗಲಿ ಬಿಡಪ್ಪ, ಚಿಕ್ಕ ವಯಸ್ಸು, ಇನ್ನೊಂದಾಗುತ್ತೆ' ಅಂದಿದ್ರಂತೆ. ಆಮೇಲೆ ಅಪ್ಪಅಮ್ಮನ ರಕ್ತ ಪರೀಕ್ಷೆ ಮಾಡಿದರೆ ಅದೇ ಚೂರು ಅವನಲ್ಲೂ ಇಲ್ಲ. ಬಿಇ ಮುಗಿಸಿ, ದಿನಾ ಮಾಲೂರಿನಿಂದ ರೈಲು ಹಿಡಿದು ಬಂದು ನನ್ನ ಕೋಡ್‌ನಲ್ಲಿ ತಪ್ಪು ಹುಡುಕೋ ಆಸಾಮಿ! ಅಪ್ಪನಿಗೆ ಏನೂ ಆಗದಿದ್ದ ಮಾತ್ರಕ್ಕೆ ಮಗುವಿಗೂ ಏನೂ ಆಗಲ್ಲ ಅಂತ ಖಾತ್ರಿಯಿಲ್ಲ, ನಿಜ. ಆದರೆ ಆ ರಕ್ತವನ್ನು ಮೊದಲೇ ತೆಗೆದುಕೊಂಡಿದ್ದರೆ ಎರಡು ರಾತ್ರಿ ಉಳೀತಿತ್ತು.

ಇದರ ಮೇಲೆ ಗಡಿಯಾರ ಬೇರೆ. ಆಮ್ನಿಯೋ ಮಾಡೋದೇ 15 ವಾರದ ನಂತರ, ಫಲಿತಾಂಶಕ್ಕೆ ಇನ್ನಷ್ಟು ವಾರ. 2021ರ ತಿದ್ದುಪಡಿ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 24ರವರೆಗೆ ಕೆಲವು ವರ್ಗದವರಿಗೆ ಮಾತ್ರ, ಇಬ್ಬರು ವೈದ್ಯರು ಬೇಕು. ಆಮೇಲೆ ಭ್ರೂಣಕ್ಕೆ ಗಂಭೀರ ದೋಷವಿದೆ ಅಂತ ಮೆಡಿಕಲ್ ಬೋರ್ಡ್ ಹೇಳಬೇಕು. ಗೊತ್ತಿಲ್ಲ ಅನ್ನೋ ಉತ್ತರ ಕೈಗಿಟ್ಟು, ಬೇಗ ನಿರ್ಧಾರ ಮಾಡಿ ಅನ್ನೋದು ಯಾವ ನ್ಯಾಯ ಸ್ವಾಮಿ?

ಇಂಥ ಪರೀಕ್ಷೆಗೆ ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೆ ಕೊಡಬೇಕು ಅಂತ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯೇ ಹೇಳುತ್ತೆ. ನಮ್ಮ ಜಿಲ್ಲೆಯಲ್ಲಿ ಆ ಭಾಷೆ ಕನ್ನಡ, ತೆಲುಗು, ಉರ್ದು, ತಮಿಳು ಯಾವುದೂ ಆಗಬಹುದು. ನಾನು ಕಂಡ ಫಾರಂಗಳು ಮಾತ್ರ ಇಂಗ್ಲಿಷ್‌ನಲ್ಲೇ ಇದ್ದವು, ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು.

ಹಾಗಾಗಿ ಸೂಜಿ ಚುಚ್ಚೋ ಮೊದಲೇ ಕೇಳಿ: ವಿಯುಎಸ್ ಬಂದರೆ ನಮಗೆ ಹೇಳ್ತೀರಾ? ಬೇಡ ಅನ್ನಬಹುದಾ? ನಮ್ಮಿಬ್ಬರ ರಕ್ತವನ್ನೂ ಈಗಲೇ ತಗೋತೀರಾ? ರಿಪೋರ್ಟ್ ಬಂದ ದಿನ ಜೆನೆಟಿಕ್ ಕೌನ್ಸೆಲರ್ ಸಿಗ್ತಾರಾ? ಸಿಗಲ್ಲ ಅಂದ್ರೆ ಪ್ರೀಮಿಯಂ ದುಡ್ಡು ಯಾತಕ್ಕೆ?

ಇನ್ನು ಮಗುವಿನ ಬೆಳವಣಿಗೆ. ಕತ್ತು ನಿಂತಿತಾ, ಕೂತಿತಾ, ಕರೆದರೆ ತಿರುಗಿತಾ ಅಂತ ನೋಡುತ್ತಾ ಹೋಗಬೇಕು. ತಡ ಅನ್ನಿಸಿದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು ಅದರಡಿಯಲ್ಲೇ ಬರುತ್ತವೆ, ತಪಾಸಣೆ, ಥೆರಪಿ ಎರಡೂ ಉಚಿತ. ಜಿಲ್ಲಾಸ್ಪತ್ರೆಗೆ ಹೋಗಿ ಕೇಳಿ. ಲ್ಯಾಬಿನವರು ಆ ವಿಳಾಸವನ್ನು ರಿಪೋರ್ಟಿನ ಕೊನೇ ಪುಟದಲ್ಲಿ ಅಚ್ಚು ಹಾಕಿದರೆ ಅವರಿಗೇನೂ ನಷ್ಟವಿಲ್ಲ.