ಹಲ್ಲು ನೋಡುವವನ ವಿದ್ಯೆ

ಜಾತ್ರೆಯ ಮೈದಾನದಲ್ಲಿ ಹಳ್ಳಿಕಾರ್ ಹೋರಿಯ ಕೆಳದುಟಿಯನ್ನು ಮೆಲ್ಲನೆ ಸರಿಸಿ, ಹಾಲುಹಲ್ಲುಗಳ ನಡುವೆ ಮೂಡಿದ ಎರಡು ಅಗಲವಾದ ಹಲ್ಲುಗಳನ್ನು ಕಂಡೊಡನೆ, ಅದಕ್ಕೆ ಎರಡು ವರ್ಷ ದಾಟಿತೆಂದು ನಿರ್ಣಯಿಸುವ ಮದ್ದೂರಿನ ರೈತನು, ಪಶುವೈದ್ಯಶಾಸ್ತ್ರವು ಇಂದಿಗೂ ಅವಲಂಬಿಸಿರುವ ಕ್ರಮವನ್ನೇ ಅನುಸರಿಸುತ್ತಿರುವನು. ಗಾಡಿ ಓಟಕ್ಕೆ ಎತ್ತರದಲ್ಲಿಯೂ ಹೆಜ್ಜೆಯಲ್ಲಿಯೂ ಸಮನಾದ ಜೋಡಿಯನ್ನು ಅವನು ಅರಸುವುದು ಕೇವಲ ಅಂದಕ್ಕಾಗಿ ಅಲ್ಲ. ನೊಗದ ಎರಡು ತುದಿಗಳಲ್ಲಿ ಬಲವು ಸಮವಾಗದಿದ್ದಲ್ಲಿ ಗಾಡಿಯು ದುರ್ಬಲವಾದ ಕಡೆಗೆ ವಾಲಿ ತಿರುಗುವುದು.

ಮಳವಳ್ಳಿ ಸೀಮೆಯ ಬಂಡೂರಿನ ಕುರಿಯಂತೂ ರೈತನ ಈ ವಿದ್ಯೆಗೆ ಇನ್ನೂ ದೊಡ್ಡ ಸಾಕ್ಷಿ. ಆ ಗಿಡ್ಡ ಕಾಲು, ಆ ದುಂಡು ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಬೋಗುಣಿಯಂಥ ಆ ತುಂಬು ತೊಡೆ, ಇವೆಲ್ಲವೂ ಮೆಚ್ಚಿದ ಟಗರನ್ನೇ ತಳಿಗೆ ಉಳಿಸಿಕೊಳ್ಳುತ್ತ ಬಂದ ತಲೆಮಾರುಗಳ ವಿವೇಕದ ಫಲ. 1859ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥವನ್ನು ಡಾರ್ವಿನ್ನನು ಆರಂಭಿಸಿದ್ದೂ ಇಂತಹ ಸಾಕುಪ್ರಾಣಿಗಳ ಆಯ್ಕೆಯ ವಿಚಾರದಿಂದಲೇ.

ಆದರೆ ರಾಸಿನ ಮೈಮೇಲಿನ ಕೂದಲಿನ ಸುಳಿಯನ್ನು ನೋಡಿ ಯಜಮಾನನ ಭಾಗ್ಯವನ್ನು ನುಡಿಯುವ ನಂಬಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಮಂಡ್ಯದ ಸ್ಪರ್ಧಾಸಮಿತಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಗೆದ್ದ ರಾಸಿನ ತಾಯಿತಂದೆಗಳ ವಿವರವನ್ನು ಪುಸ್ತಕದಲ್ಲಿ ಬರೆದಿಡಿರಿ; ಬಾರುಕೋಲು ಮುಳ್ಳುಗೋಲುಗಳನ್ನು ಮೈದಾನದ ಹೊರಗೇ ಇರಿಸಿರಿ.