ಬಾಟಲಿ ಖಾಲಿಯಾದ ಮೇಲೆ



ತೆಂಗಿನ ಚಿಪ್ಪು, ಅಡಿಕೆ ಹಾಳೆ, ಗೊಬ್ಬರದ ಖಾಲಿ ಚೀಲ ಇವುಗಳಲ್ಲಿ ಯಾವುದನ್ನೂ ಸುಮ್ಮನೆ ಬಿಸಾಡಿ ಗೊತ್ತಿಲ್ಲದ ಜನ ನಾವು. ಹೀಗಿರುವಾಗ ನೀರಿನ, ಸೋಡಾದ ಪ್ಲಾಸ್ಟಿಕ್ ಬಾಟಲಿಗಳು ಹಿರೇನಲ್ಲೂರು ಸುತ್ತಿನ ಮನೆ ಹಿತ್ತಲುಗಳಲ್ಲಿ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತಿರುವುದರಲ್ಲಿ ಆಶ್ಚರ್ಯವೇನಿಲ್ಲ. ಹಂಡೆ ಒಲೆಗೆ ಹಾಕಿ ಆ ಹೊಗೆ ಕುಡಿಯುವುದಕ್ಕಿಂತ ಇದು ಎಷ್ಟೋ ಮೇಲು.

ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಬೇಸಿಗೆಗೆ ಎಳೆ ಸಸಿ ಉಳಿಸಿಕೊಳ್ಳುವುದೇ ಒಂದು ಸಾಹಸ. ಎರಡು ಲೀಟರಿನ ಬಾಟಲಿಯ ತಳ ಕತ್ತರಿಸಿ, ಮುಚ್ಚಳಕ್ಕೆ ಸೂಜಿಯಿಂದ ಒಂದೆರಡು ತೂತು ಮಾಡಿ, ಸಸಿಯ ಪಕ್ಕದಲ್ಲಿ ತಲೆಕೆಳಗಾಗಿ ಅರ್ಧ ಹೂತು ನೀರು ತುಂಬಿದರೆ, ಆ ನೀರು ಮೇಲೆ ಹರಿದು ಆರಿಹೋಗದೆ ಬೇರಿನ ಮಟ್ಟಕ್ಕೆ ನಿಧಾನವಾಗಿ ಇಳಿಯುತ್ತದೆ. ಮೆಣಸಿನ ಬಳ್ಳಿಯ ತುಂಡು ನೆಡಲು ಕತ್ತರಿಸಿದ ಬಾಟಲಿಯೇ ಸಾಕು, ತಳದಲ್ಲಿ ತೂತಿರಬೇಕು. ಇಲ್ಲದಿದ್ದರೆ ನೀರು ನಿಂತು ಡೆಂಗ್ಯೂ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಬಿದ್ದ ಅಡಿಕೆ ಹಾಳೆಗಳೇ ಆ ಕೆಲಸಕ್ಕೆ ಸಾಲದೆ?

ಈಗ ಮುಖ್ಯ ವಿಷಯ. ನಾವು ಕೀಟನಾಶಕವನ್ನು 'ಔಷಧಿ' ಎಂದು ಕರೆಯುತ್ತೇವೆ. ಆ ಹೆಸರಿನ ಸಲಿಗೆಯಿಂದಲೋ ಏನೋ, ಅದರ ಖಾಲಿ ಡಬ್ಬಿಯೂ ತೊಳೆಸಿಕೊಂಡು ಸೀಮೆಎಣ್ಣೆಗೆ, ಕೊಟ್ಟಿಗೆಯ ನೀರಿಗೆ, ಕೊನೆಗೆ ಅಡುಗೆಮನೆಗೂ ಬರುತ್ತದೆ. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಇದ್ದುದು ಪರೀಕ್ಷೆಯಲ್ಲಿ ಕಂಡುಬಂತು. ಆ ವಿಷದ ಡಬ್ಬಿಯಲ್ಲೇ ಎಣ್ಣೆ ಇಟ್ಟಿದ್ದರೆಂದು ವರದಿಯಾಯಿತು. ತೆಂಗಿನ ಕಪ್ಪುತಲೆ ಹುಳಕ್ಕೆ ಬೇರಿನ ಮೂಲಕ ಕೊಡುತ್ತಿದ್ದ ಔಷಧಿ ಇದೇ. ನಮಗೆ ಹೊಸ ಹೆಸರಲ್ಲ.

ಸೋಪು ಹಾಕಿ ತೊಳೆದಿದ್ದೇವೆ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ: ವಿಷ ಮುಚ್ಚಳದ ತಿರುಪಿನಲ್ಲಿ ಉಳಿಯುತ್ತದೆ, ಪ್ಲಾಸ್ಟಿಕ್ಕಿನೊಳಕ್ಕೂ ಇಳಿಯುತ್ತದೆ. ಡಬ್ಬಿಯ ಮೇಲಿನ ಗುರುತು ಕೆಂಪಿರಲಿ, ಹಸಿರಿರಲಿ, ಮನೆಬಳಕೆಗೆ ಅದು ಸಲ್ಲದು. ಸಿಂಪರಣೆ ಮಾಡುವಾಗಲೇ ಡಬ್ಬಿಯನ್ನು ಮೂರು ಬಾರಿ ಜಾಲಾಡಿಸಿ, ಆ ನೀರನ್ನು ಪಂಪಿಗೇ ಸುರಿದು, ಕೂಡಲೇ ಡಬ್ಬಿಯನ್ನು ತೂತು ಮಾಡಬೇಕು. ತೂತಾದ ಡಬ್ಬಿಯನ್ನು ಯಾರೂ ಎತ್ತಿಟ್ಟುಕೊಳ್ಳುವುದಿಲ್ಲ. 1971ರ ಕೀಟನಾಶಕ ನಿಯಮಗಳೂ ಖಾಲಿ ಡಬ್ಬಿಗಳನ್ನು ಹೊರಗೆ ಬಿಡದೆ, ಒಡೆದು, ಜನವಸತಿಯಿಂದ ದೂರ ಹೂಳಬೇಕೆನ್ನುತ್ತವೆ. ಕೊಳವೆಬಾವಿಗಳ ನಡುವೆಯೇ ತೋಟವಿರುವ ನಮಗೆ ಈ ಹೂಳುವ ಮಾತು ಪೂರಾ ಒಪ್ಪಿಗೆಯಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ತಯಾರಕರಿಗೂ ಹೊಣೆ ಹೊರಿಸಿರುವಾಗ, ಮಾರಿದವರು ಡಬ್ಬಿಗಳನ್ನು ವಾಪಸು ಪಡೆಯಲಿ ಎಂದು ಸಂಘ ಕೇಳಬೇಕು.

ಇನ್ನೂ ದೊಡ್ಡ ಅಪಾಯ ಹಿಂದುಮುಂದಾಗಿ ಬರುವುದು. ಒಂದೆರಡು ಎಕರೆಯವರು ಮೂವರು ಸೇರಿ ಒಂದು ಲೀಟರ್ ಔಷಧಿ ಕೊಂಡು, ನೀರಿನ ಬಾಟಲಿಗೋ ಕ್ವಾರ್ಟರ್ ಬಾಟಲಿಗೋ ಸುರಿದು ಹಂಚಿಕೊಳ್ಳುತ್ತಾರೆ. ಚೀಟಿಯಿಲ್ಲ, ಗುರುತಿಲ್ಲ. ನೀರಿಗೆ ಬೆರೆಸಿದರೆ ಮಜ್ಜಿಗೆಯಂತೆ ಬೆಳ್ಳಗಾಗುವ ಔಷಧಿಗಳಿವೆ. ಬಿಸಿಲಲ್ಲಿ ಆಡಿ ಬಂದ ಮಗುವಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಮಲೆನಾಡಿನ ಕಾಫಿ ಬೆಳೆಗಾರರು ಕಾಯಿಕೊರಕದ ಬಲೆಗೆ ಬಳಸುವ ದ್ರವದಲ್ಲಿ ಮೆಥನಾಲ್ ಇರುತ್ತದೆ. ಸಾರಾಯಿಯ ವಾಸನೆಯ ಆ ದ್ರವವನ್ನು ಕ್ವಾರ್ಟರ್ ಬಾಟಲಿಯಲ್ಲಿಟ್ಟರೆ ಆಳು ಕುಡಿದಾನು, ಕಣ್ಣು ಹೋದೀತು, ಪ್ರಾಣವೂ ಹೋದೀತು.

ಹೀಗೆ ಹಂಚಿಕೊಳ್ಳುವವರನ್ನು ಬೈದು ಪ್ರಯೋಜನವಿಲ್ಲ. ಲೀಟರಿಗೆ ಹಣ ಹೊಂದಿಸಲಾಗದೆ ಹಾಗೆ ಮಾಡುತ್ತಾರೆ. 100 ಮತ್ತು 250 ಮಿಲಿಲೀಟರಿನ ಮೊಹರಾದ ಬಾಟಲಿಗಳು ಸಂಘದ ಮಳಿಗೆಯಲ್ಲೇ ಸಿಗಬೇಕು, ಲಾಭ ಸ್ವಲ್ಪ ಕಡಿಮೆಯಾದರೂ ಸರಿ ಎಂಬುದು ನಮ್ಮ ಅಭಿಪ್ರಾಯ. ಸದಸ್ಯರು ತಮಗೆ ಬೇಕಾದ ಅಳತೆಯನ್ನು ಮುಂಗಾರಿಗೆ ಮುಂಚೆ ಕಚೇರಿಯ ಪುಸ್ತಕದಲ್ಲಿ ಬರೆಸಿದರೆ, ಪಟ್ಟಿಯನ್ನು ಆಡಳಿತ ಮಂಡಳಿಯ ಮುಂದಿಡುತ್ತೇವೆ.