ಒಂದೇ ಕಾಯಿಲ್, ಎರಡು ಚಿಪ್

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡ್. ಹೆಸರು ಡಾ. ಭಡಕಮಕರ್ ಮಾರ್ಗ ಎಂದು ಬದಲಾಗಿ ಎಷ್ಟೋ ಕಾಲವಾದರೂ, ಎಲೆಕ್ಟ್ರಾನಿಕ್ಸ್ ಬಿಡಿಭಾಗ ಹುಡುಕುವವರ ಬಾಯಲ್ಲಿ ಹಳೆಯ ಹೆಸರೇ. ಕಳೆದ ಶನಿವಾರ ಅಲ್ಲಿ ನಮ್ಮೂರ ಕಡೆಯ ಇಂಜಿನಿಯರಿಂಗ್ ಹುಡುಗನೊಬ್ಬ ಕೆಪಾಸಿಟರ್ ಕೊಳ್ಳುತ್ತಾ ಸಿಕ್ಕಿದ. ಎಲೆಕ್ಟ್ರಿಕ್ ಸ್ಕೂಟರಿನ ಆಕ್ಸಿಲರೇಟರ್‌ಗೆ ತಾನೇ ಸೆನ್ಸರ್ ಮಾಡುತ್ತಿದ್ದಾನಂತೆ. "ಬೋರ್ಡಿನಲ್ಲಿ ಜಾಗವೇ ಇಲ್ಲ ಅಂಕಲ್. ಎರಡು ಚಿಪ್‌ಗೂ ಒಂದೇ ಕಾಯಿಲ್ ಹಾಕಿದರೆ ಆಗಲ್ವಾ?" ಎಂದು ಕೇಳಿದ.

ಈ ಸೆನ್ಸರಿನಲ್ಲಿ ಆಯಸ್ಕಾಂತ ಇರುವುದಿಲ್ಲ. ಬೋರ್ಡಿನ ಮೇಲೆಯೇ ಬರೆದ ತಾಮ್ರದ ಸುರುಳಿಯೊಂದನ್ನು ಚಿಪ್ಪು ಸೆಕೆಂಡಿಗೆ ಕೆಲವು ದಶಲಕ್ಷ ಬಾರಿ ಮಿಡಿಸುತ್ತದೆ. ಅದರ ಕ್ಷೇತ್ರದಲ್ಲಿ ಲೋಹದ ತುಂಡೊಂದು ಚಲಿಸಿದರೆ ತುಂಡಿನಲ್ಲಿ ಸುಳಿ ವಿದ್ಯುತ್ ಹುಟ್ಟಿ, ಪಕ್ಕದ ಎರಡು ಗ್ರಾಹಕ ಸುರುಳಿಗಳ ಸಂಕೇತ ಬದಲಾಗುತ್ತದೆ. ಒಂದು ಸೈನ್, ಇನ್ನೊಂದು ಕೊಸೈನ್. ಎರಡನ್ನೂ ಹೋಲಿಸಿದರೆ ಕೋನ ಸಿಗುತ್ತದೆ. 1831ರಲ್ಲಿ ಫ್ಯಾರಡೆ ಕಂಡ ತತ್ವವೇ ಇದು.

ಸುರುಳಿ ಮತ್ತು ಕೆಪಾಸಿಟರ್ ಸೇರಿದರೆ ಉಯ್ಯಾಲೆ ಇದ್ದಂತೆ, ಅದಕ್ಕೆ ತನ್ನದೇ ಲಯವಿದೆ. ಇಬ್ಬರು ತಮಗೆ ತೋಚಿದ ಹೊತ್ತಿಗೆ ನೂಕಿದರೆ ಉಯ್ಯಾಲೆ ಕೆಡುತ್ತದೆ. ಆದ್ದರಿಂದ ಹಂಚಿಕೊಳ್ಳುವುದಾದರೆ ಒಂದು ಚಿಪ್ಪು ಮಾತ್ರ ನೂಕಬೇಕು. ಇನ್ನೊಂದು ತನ್ನ ನೂಕುವ ಭಾಗವನ್ನು ಆಫ್ ಮಾಡಿಕೊಂಡು, ಅದೇ ಲಯವನ್ನು ಆಲಿಸಿ ಲೆಕ್ಕ ಹಾಕಬೇಕು. ಚಿಪ್ಪಿಗೆ ಈ ಸೌಲಭ್ಯ ಇದೆಯೇ ಎಂದು ಡೇಟಾಶೀಟ್ ನೋಡದೆ ತಂತಿ ಜೋಡಿಸುವಂತಿಲ್ಲ. ಎರಡೂ ಚಿಪ್‌ಗಳ ಕೆಪಾಸಿಟರನ್ನು ಹಾಗೇ ಉಳಿಸಿದರೆ ಒಟ್ಟು ಧಾರಕತೆ ಇಮ್ಮಡಿಯಾಗಿ, 3.5 ಮೆಗಾಹರ್ಟ್ಸ್ ಇದ್ದ ಲಯ ಸುಮಾರು 2.5ಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಸರಿಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಎರಡನೆಯ ಚಿಪ್ಪು ಏಕೆ ಬೇಕಾಯಿತು? ಒಂದು ಸುತ್ತಿಗೆ 4 ಆವರ್ತ ಒಂದು ಪಟ್ಟಿಯಲ್ಲಿ, 5 ಆವರ್ತ ಇನ್ನೊಂದರಲ್ಲಿ ಇಟ್ಟು ಕೋನವನ್ನು ನಿಖರವಾಗಿ ಅಳೆಯುವುದಕ್ಕಾದರೆ ಹಂಚಿಕೆ ಜಾಣತನ. ಆದರೆ ಆಕ್ಸಿಲರೇಟರಿನಲ್ಲಿ ಎರಡನೆಯದು ಇರುವುದು ಮೊದಲನೆಯದು ಸುಳ್ಳು ಹೇಳಿದಾಗ ಹಿಡಿಯುವುದಕ್ಕೆ.

"ನೀನಿರುವ ಚಾಳಿನಲ್ಲಿ ಎರಡು ನಲ್ಲಿ ಇವೆಯಲ್ಲ, ಮೇಲಿನ ಟ್ಯಾಂಕಿನ ಪೈಪ್ ಒಂದೇ ಅಲ್ಲವೇ?" ಎಂದೆ. ಹುಡುಗ ನಕ್ಕ. ಪೈಪ್ ಒಡೆದ ದಿನ ಎರಡು ನಲ್ಲಿ ಇದ್ದೂ ನೀರಿಲ್ಲ. ಕಾಯಿಲಿನ ಒಂದು ಬೆಸುಗೆ ಬಿಟ್ಟರೆ ಎರಡು ಚಿಪ್ಪೂ ಒಟ್ಟಿಗೆ ಕುರುಡು. ಆಗ ಸ್ಕೂಟರಿನ ಮೇಲಿರುವವನಿಗೆ ಎರಡನೆಯ ಸಾಕ್ಷಿಯೇ ಇಲ್ಲ.

ಎರಡು ಕಾಯಿಲ್ ಹತ್ತಿರ ಹತ್ತಿರ ಇಟ್ಟರೂ ಒಂದರ ಮಿಡಿತ ಇನ್ನೊಂದಕ್ಕೆ ಕೇಳಿಸುತ್ತದೆ. ಹಾಗಾಗಿ ಅವುಗಳ ಲಯ ಬೇರೆ ಬೇರೆ ಇರಬೇಕು. ಹುಡುಗ ಅಂಗಡಿಯವನ ಕಡೆ ತಿರುಗಿ, ಕೊಂಡಿದ್ದ ಕೆಪಾಸಿಟರುಗಳಲ್ಲಿ ಅರ್ಧ ವಾಪಸ್ ಕೊಟ್ಟು ಬೇರೆ ಬೆಲೆಯವನ್ನು ಕೇಳಿದ. ಬೆಲೆ ಎಂದರೆ ರೂಪಾಯಿಯದ್ದಲ್ಲ, ಪಿಕೋಫ್ಯಾರಡಿನದ್ದು.